ಗೋಡೆಯ ಗೀಟು

ನಮ್ಮ ಮನೆ,
ಮಾರ್ಚ್ ಒಂಬತ್ತು, ಬುಧವಾರ

ನನ್ನ ರಾಯರಿಗೆ,

ಹೇಗಿದ್ದೀರಿ? ಕಾಲು ತೆಗೆದ ಜಾಗದ ಗಾಯ ಒಣಗಿದೆಯೆಂದು ನರ್ಸಮ್ಮ ಫೋನಿನಲ್ಲಿ ಹೇಳಿದರು. ಗಾಲಿಕುರ್ಚಿಯಲ್ಲಿ ವಾರ್ಡೆಲ್ಲ ಸುತ್ತುತ್ತೀರಂತೆ, ತಿರುವಿನಲ್ಲಿ ಬಾಯಲ್ಲೇ ಹಾರ್ನ್ ಹೊಡೆಯುತ್ತೀರಂತೆ. ಬಸ್ ಓಡಿಸಿದವರ ಚಾಳಿ ಎಲ್ಲಿಗೆ ಹೋಗುತ್ತದೆ? ನಾನು ಚೆನ್ನಾಗಿದ್ದೇನೆ ಎಂದರೆ ಸುಳ್ಳಾಗುತ್ತದೆ. ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ.

"ಆಸ್ಪತ್ರೆಯಿಂದ ನೇರ ತಮ್ಮನ ಮನೆಗೆ ಹೋಗ್ತೀನಿ, ಅಲ್ಲಿ ಲಿಫ್ಟಿದೆ, ನಮ್ಮ ಮನೆ ಇನ್ನು ನಂಗೆ ಆಗಿಬರಲ್ಲ" ಎಂದಿರಲ್ಲ, ಆ ಮಾತು ಎದೆಗೆ ಚುಚ್ಚಿತು. ಬಾಗಿಲ ಮುಂದಿನ ಮೂರು ಮೆಟ್ಟಿಲಿಗೆ ಹೆದರಿ ಸಂಸಾರವನ್ನೇ ಎರಡು ಮಾಡುವುದೇ? ಸಿಟ್ಟಿನಲ್ಲಿ ಮಾರನೆಯ ದಿನವೇ ಮೆಟ್ಟಿಲು ತೆಗೆಸಲು ಗಾರೆಯವರನ್ನು ಕರೆಸಿದೆ. ಅವರು ಮೆಟ್ಟಿಲು ತಟ್ಟಿ ನೋಡಿ, ಇವು ಮನೆಯ ಜೊತೆ ಹುಟ್ಟಿದವಲ್ಲ, ಆಮೇಲೆ ಯಾರೋ ಕಟ್ಟಿಸಿದ್ದು ಎಂದರು. ಮುಂಚೆ ಇಲ್ಲಿ ಯಾರಿದ್ದರು ಎಂದು ಕೇಳಿದರು. ಇಷ್ಟು ವರ್ಷ ಬಾಳಿದ ಮನೆ, ನಮಗೆ ಮಾರಿದವರನ್ನು ಬಿಟ್ಟರೆ ಹಿಂದಿನದೇನೂ ತಿಳಿಯದು. ನಾಚಿಕೆಯಾಯಿತು.

ಹಾಗೆ ಶುರುವಾಯಿತು ನನ್ನ ಪತ್ತೇದಾರಿಕೆ. ಎದುರುಮನೆಯವರು ನಮಗಿಂತ ಹೊಸಬರು. ಮೂಲೆಯ ದರ್ಜಿ ತನ್ನ ಅಪ್ಪನನ್ನೇ ಕೇಳಿ ಎಂದ. ಆ ಅಜ್ಜನಿಗೆ ಕಿವಿ ಮಂದ, ನನ್ನ ಪ್ರಶ್ನೆ ಇಡೀ ಬೀದಿಗೆ ಕೇಳಿಸಿದ ಮೇಲೆ ಅವರಿಗೆ ಕೇಳಿಸಿತು. ನಮಗೆ ಮಾರಿದವರಿಗೂ ಮೊದಲು ಇಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರು ಇದ್ದರಂತೆ. ಅವರು ತೀರಿಕೊಂಡಿದ್ದಾರೆ, ತಂಗಿ ಮಾತ್ರ ಮಾರುಕಟ್ಟೆಯ ಹಿಂದೆ ಇದ್ದಾರಂತೆ. ಹುಡುಕಿಕೊಂಡು ಹೋಗಿ, ನಿನ್ನೆ ಕರೆದುಕೊಂಡೇ ಬಂದೆ.

ಆಕೆ ಒಳಗೆ ಕಾಲಿಟ್ಟವರೇ, ಗೋಡೆಯ ಕಡೆ ನೋಡದೆ ಕೈ ಕೆಳಕ್ಕೆ ಬಿಟ್ಟು ದೀಪ ಹಾಕಿದರು. ಬಂದ ನೆಂಟರೆಲ್ಲ ತಡಕಾಡುವ ಅದೇ ಸ್ವಿಚ್ಚು! ಯಾರೋ ಕುಳ್ಳ ಎಲೆಕ್ಟ್ರಿಷಿಯನ್ ಕೆಲಸ ಎಂದು ನೀವು ನಗುತ್ತಿದ್ದಿರಿ. ಪಡಸಾಲೆಯ ತಿರುವಿನಲ್ಲಿ, ಎಷ್ಟು ಸಲ ಬಣ್ಣ ಬಳಿದರೂ ಮತ್ತೆ ಕಾಣುವ ಉದ್ದನೆಯ ಗೀಟಿದೆಯಲ್ಲ? ಹಳಬರು ಸೈಕಲ್ಲನ್ನು ಒಳಗೆ ನಿಲ್ಲಿಸುತ್ತಿದ್ದರು ಎಂದು ತೀರ್ಪು ಕೊಟ್ಟವರೂ ನೀವೇ. ಆಕೆ ಅದರ ಮೇಲೆ ಬೆರಳಾಡಿಸಿದರು. "ನಮ್ಮಣ್ಣಂಗೆ ಎರಡೂ ಕಾಲಿರ್ಲಿಲ್ಲ. ಈ ತಿರುವಲ್ಲಿ ಕುರ್ಚಿ ಉಜ್ತಾನೇ ಇತ್ತು. ಆದ್ರೆ ಒಂದು ಲೋಟ ನೀರಿಗೂ ಅವ್ನು ಯಾರನ್ನೂ ಕರೀಲಿಲ್ಲ," ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಸ್ವಿಚ್ಚು, ಚಿಲಕ, ಅಡುಗೆಮನೆಯ ಕಟ್ಟೆ ಎಲ್ಲವೂ ಕೆಳಗೇಕೆಂದು ಈಗ ಗೊತ್ತಾಯಿತಲ್ಲ? ಇಷ್ಟು ವರ್ಷ ಬಗ್ಗಿ ಪಾತ್ರೆ ತೊಳೆದು ನನ್ನ ಸೊಂಟ ಬಿದ್ದುಹೋಗಿದೆ. ಆ ಕಟ್ಟೆ ಸರಿಯಾಗಿ ನಿಮ್ಮ ಅಳತೆಗೇ ಇದೆ. ಇನ್ನು ಮುಂದೆ ಪಾತ್ರೆ ನಿಮ್ಮ ಪಾಲು.

ನರ್ಸಮ್ಮನಿಗೆ ನಮಸ್ಕಾರ ತಿಳಿಸಿ. ಮಾತ್ರೆ ತಪ್ಪಿಸಬೇಡಿ.

ಇಂತಿ,
ನಿಮ್ಮ ಮನೆಯಾಕೆ

ಹೇಳುವುದೇ ಮರೆತೆ: ಗಾರೆಯವರು ಇವತ್ತು ಬೆಳಿಗ್ಗೆ ಮೆಟ್ಟಿಲು ಒಡೆದರು. ಅಡಿಯಲ್ಲಿ ಆ ಪುಣ್ಯಾತ್ಮರ ಇಳಿಜಾರು ಹಾಗೇ ಇದೆ. ಒಂದು ಮೂಲೆ ಕಿತ್ತುಹೋಗಿತ್ತು, ಮೆತ್ತುತ್ತಿದ್ದಾರೆ. ನೀವು ಅಲ್ಲಿಗೆ ಬರುವುದಿಲ್ಲವೆಂದು ಮೈದುನನಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ. ಗೋಡೆಯ ಗೀಟಿಗೆ ಈ ಸಲ ಬಣ್ಣ ಬಳಿಸುತ್ತಿಲ್ಲ. ಹೇಗೂ ನೀವೂ ಉಜ್ಜುವವರೇ.