ಎರಡು ಗಂಟೆಯ ಬಿಡುವು

ಶಿಕಾರಿಪುರ
೧೦ ನವೆಂಬರ್ ೨೦೨೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಶೃತಿ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಆರು ವರ್ಷ ನನ್ನ ಅವ್ವನನ್ನು ಎತ್ತಿ ಕೂರಿಸಿ, ಮಲಗಿಸಿ ತಂದುಕೊಂಡ ನೋವು ಅದು. ಅವ್ವ ಹೋಗಿ ವರ್ಷವಾಗುತ್ತಾ ಬಂತು, ನೋವಾದರೂ ಹೋಯಿತೋ ಇಲ್ಲವೋ ಎಂದು ಕೇಳಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತೇನೆ. ಫೋನ್ ಮಾಡಿದರೆ 'ಊಟ ಆಯ್ತಾ?', 'ಆಯ್ತು. ನಿಮ್ದು?', 'ಆಯ್ತು', ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿದುಹೋಗುತ್ತದೆ. ಅದಕ್ಕೇ ಈ ಕಾಗದ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನಿನಗೆ ಬರೆಯುತ್ತಿರುವ ಮೊದಲನೆಯದು, ಅಕ್ಷರ ನೋಡಿ ನಗಬೇಡ.

ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ಚೆನ್ನಾಗಿಲ್ಲ. ಮಕ್ಕಳಿಲ್ಲದ ಮನೆ, ಅವ್ವ ಇದ್ದಷ್ಟು ದಿನ ಅವಳ ಕೆಮ್ಮು, ಕೂಗು, ನಿನ್ನ ಓಡಾಟ ಎಂದು ಏನಾದರೂ ಸದ್ದು ಇರುತ್ತಿತ್ತು. ಈಗ ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತೇನೆ. ಅಡುಗೆ ಒಂದು ಮಟ್ಟಕ್ಕೆ ಬರುತ್ತದೆ, ಮಾಡಿದ್ದನ್ನು ಒಬ್ಬನೇ ಕೂತು ತಿನ್ನುವುದೇ ಬರುವುದಿಲ್ಲ. ಸಂಜೆ ಎಷ್ಟೋ ದಿನ ಬಸ್‌ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ತಿಂದು, ಅಂಗಡಿಯವನ ಜೊತೆ ಸುಮ್ಮನೆ ನಾಲ್ಕು ಮಾತಾಡಿ ಮನೆಗೆ ಬರುತ್ತೇನೆ. ಮಾರ್ಚ್‌ನಲ್ಲಿ ನೀನು 'ಅಕ್ಕನ ಮನೇಲಿ ನಾಲ್ಕು ದಿನ ಇದ್ದು ಬರ್ತೀನಿ ರೀ' ಎಂದು ಸೊರಬದ ಬಸ್ಸು ಹತ್ತಿದೆ. ಎಂಟು ತಿಂಗಳಾಯಿತು. ಜಗಳವಾಡಿ ಹೋಗಿದ್ದರೆ ಯಾಕೆ ಹೋದೆ ಎಂದಾದರೂ ಗೊತ್ತಿರುತ್ತಿತ್ತು.

ಈಗ ಸ್ವಲ್ಪ ಗೊತ್ತಾಗಿದೆ. ಅದೂ ನೌಕರಿಯ ದೆಸೆಯಿಂದ. ನಮ್ಮ ಸಂಸ್ಥೆಯ 'ಎರಡು ಗಂಟೆ ಬಿಡುವು' ಕಾರ್ಯಕ್ರಮ ನಿನಗೆ ಗೊತ್ತೇ ಇದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಂಗಸರಿಗೆ ಸ್ವಲ್ಪ ಪುರುಸೊತ್ತು ಸಿಗಲಿ ಎಂದು, ವಾರಕ್ಕೊಮ್ಮೆ ನಮ್ಮ ಕಡೆಯಿಂದ ರಕ್ಷಿತಾ ಹೋಗಿ ಎರಡು ಗಂಟೆ ರೋಗಿಯ ಹತ್ತಿರ ಕೂರುವುದು. ಮೂರು ತಿಂಗಳಿಗೊಮ್ಮೆ ಫಾರಂ ತುಂಬಿಸುತ್ತಿದ್ದೆವು, ಎಲ್ಲರೂ ಐದಕ್ಕೆ ಐದು ಅಂಕ ಕೊಡುತ್ತಿದ್ದರು. ಆದರೆ ಹದಿನೆಂಟು ಮನೆಯವರಲ್ಲಿ ಒಬ್ಬೊಬ್ಬರೇ 'ಈ ವಾರ ಬ್ಯಾಡ್ರಿ' ಎನ್ನಲು ಶುರುಮಾಡಿ, ಕೊನೆಗೆ ಐದೇ ಮನೆ ಉಳಿದವು. ಡಿಸೆಂಬರಿಗೆ ಕಾರ್ಯಕ್ರಮ ನಿಲ್ಲಿಸುತ್ತೇವೆಂದು ಮೇಲಿನವರು ಪತ್ರ ಹಾಕಿದರು. ನಾನು ಜನರಿಗೆ ಬೆಲೆಯೇ ಗೊತ್ತಿಲ್ಲ ಎಂದು ಆಫೀಸಿನಲ್ಲಿ ಕೂಗಾಡಿದೆ. ನನ್ನ ಸಿಟ್ಟು ನಿನಗೆ ಹೊಸದಲ್ಲ.

ಆಗ ಶಿವಮೊಗ್ಗದಿಂದ ಮಾನ್ಯಾ ಎನ್ನುವ ಹುಡುಗಿ ಎರಡು ದಿನದ ತರಬೇತಿ ಕೊಡಲು ಬಂದಳು. ಡಿಸೈನ್ ಥಿಂಕಿಂಗ್ ಅಂತೆ, ಬಳಸುವವರ ಕಷ್ಟ ನೋಡಿ ಯೋಜನೆ ತಿದ್ದುವ ವಿಧಾನ. ನಮ್ಮ ಕೈಯಿಂದ ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿದಳು. ಇಪ್ಪತ್ತು ವರ್ಷ ಸಮಾಜಕಾರ್ಯ ಮಾಡಿದವನಿಗೆ ಚೀಟಿ ಅಂಟಿಸುವುದನ್ನು ಕಲಿಸಲು ಬಂದಿದ್ದಾಳಲ್ಲ ಎಂದು ಒಳಗೊಳಗೇ ಉರಿದುಕೊಂಡೆ. ಕೊನೆಯಲ್ಲಿ ಒಂದು ಮಾತು ಹೇಳಿದಳು, 'ಹೇಗಿತ್ತು ಅಂತ ಕೇಳಬೇಡಿ ಸರ್, ಯಾರೂ ಮುಖದ ಮೇಲೆ ಚೆನ್ನಾಗಿಲ್ಲ ಅನ್ನಲ್ಲ. ಅವರ ಮನೇಲಿ ಒಂದು ದಿನ ಕೂತು ನೋಡಿ. ಆಮೇಲೆ ಸಣ್ಣದಾಗಿ ಏನಾದ್ರೂ ಮಾಡಿ ನೋಡಿ, ಕೆಟ್ಟರೆ ಬದಲಾಯಿಸಿ.' ಅವಳು ಹೇಳಿದ್ದು ಸುಳ್ಳೆಂದು ತೋರಿಸಲೇ ನಾನು ತೊಗರ್ಸಿಯ ದುರುಗಮ್ಮನ ಮನೆಗೆ ಹೋಗಿ ಕೂತೆ.

ದುರುಗಮ್ಮನ ಗಂಡ ಸಣ್ಣಬೀರಪ್ಪನಿಗೆ ಲಕ್ವ ಹೊಡೆದು ಮೂರು ವರ್ಷ. ಅವತ್ತು ರಕ್ಷಿತಾ ಹನ್ನೊಂದಕ್ಕೆ ಬರುವವಳಿದ್ದಳು. ಬೆಳಗ್ಗೆ ಆರರಿಂದ ಆ ಹೆಂಗಸು ಅಂಗಳ ತೊಳೆದಳು, ಗಂಡನಿಗೆ ಸ್ನಾನ ಮಾಡಿಸಿದಳು, ಪೆಟ್ಟಿಗೆಯಿಂದ ಹೊಸ ಹಾಸು ತೆಗೆದು ಹಾಸಿದಳು, ಉಪ್ಪಿಟ್ಟು ಮಾಡಿಟ್ಟಳು. ರಕ್ಷಿತಾ ಬಂದ ಮೇಲೆ ಅವಳಿಗೆ ತಟ್ಟೆ ಕೊಟ್ಟು ಎದುರಿಗೇ ಕೂತು ಎರಡು ಗಂಟೆ ಮಾತಾಡಿದಳು. ಅವಳು ಹೋದ ಮೇಲೆ ಪಾತ್ರೆ ತೊಳೆದಳು. ಬಿಡುವಿನಲ್ಲಿ ಹೊರಗೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ. 'ಮನಿಗೆ ಬಂದೋರ್ನ ಬಿಟ್ಟು ಹೆಂಗ್ ಹೋಗ್ಲಿ ರೀ? ನೀವು ಬರೋ ದಿನ ನಂಗೆ ಕೆಲ್ಸ ಡಬಲ್ ಆಗ್ತತಿ' ಅಂದಳು. ಎರಡು ವರ್ಷ ನಾವು ಬಿಡುವು ಕೊಡುತ್ತಿದ್ದೇವೆಂದು ತಿಳಿದಿದ್ದೆವು ಶೃತಿ, ಕಳಿಸುತ್ತಿದ್ದದ್ದು ನೆಂಟರನ್ನು.

ಮರುವಾರ ರಕ್ಷಿತಾಳಿಗೆ ಡಬ್ಬಿ, ನೀರಿನ ಬಾಟಲಿ ಕೊಟ್ಟು ಕಳಿಸಿದೆವು. ದುರುಗಮ್ಮನಿಗೆ ಕಣ್ಣಲ್ಲಿ ನೀರು ಬಂತಂತೆ, 'ನಮ್ಮನಿ ನೀರೂ ಬ್ಯಾಡನು?' ಎಂದು. ಅದೂ ಕೆಟ್ಟಿತು. ಆಮೇಲೆ ಹೊಳೆದದ್ದು ರಕ್ಷಿತಾಳಿಗೇ. ಓಣಿಯವರು ನೆಂಟರಲ್ಲವಲ್ಲ, ಹಿತ್ತಿಲ ಬಾಗಿಲಿಂದ ಬಂದರೆ ಯಾರೂ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯ ಬೆನಕಪ್ಪನ ಹೆಂಡತಿಗೆ ಮಗ್ಗುಲು ಬದಲಾಯಿಸುವುದು, ಗಂಜಿ ಕುಡಿಸುವುದು ಕಲಿಸಿದೆವು. ಅವಳು ಬಂದು ಕೂತ ದಿನ ದುರುಗಮ್ಮ ಸೀರೆ ಬದಲಿಸಿ, ಆಧಾರ್ ಕಾರ್ಡು ಹಿಡಿದು ಶಿರಾಳಕೊಪ್ಪದ ಬಸ್ಸು ಹತ್ತಿದಳು. ಏನೂ ಕೊಳ್ಳಲಿಲ್ಲ, ಯಾರನ್ನೂ ನೋಡಲಿಲ್ಲ. 'ಕಿಟಕಿ ಪಕ್ಕ ಕುಂತಿದ್ದೆ. ಅಲ್ಲಿ ಯಾರೋ ಮಾಡಿದ ಚಾ ಕುಡ್ದೆ ರೀ, ಬಿಸಿ ಇರುವಾಗ್ಲೇ' ಅಂದಳು. ವರದಿಯ ಫಲಿತಾಂಶದ ಕಾಲಮಿನಲ್ಲಿ ಏನು ಬರೆಯಲಿ ಎಂದು ಮಾನ್ಯಾಳಿಗೆ ಫೋನ್ ಮಾಡಿದೆ. 'ದುರುಗಮ್ಮ ಹೇಳಿದ್ದನ್ನೇ ಬರೆಯಿರಿ ಸರ್' ಅಂದಳು, ಹಾಗೇ ಬರೆದೆ. ಕಾರ್ಯಕ್ರಮಕ್ಕೆ ಇನ್ನೂ ಆರು ತಿಂಗಳು ಸಿಕ್ಕಿದೆ.

ಆ ವರದಿಗಾಗಿ ಮೊದಲ ವರ್ಷದ ಫಾರಂಗಳನ್ನು ಹುಡುಕುವಾಗ ಎಲ್ಲಕ್ಕಿಂತ ಕೆಳಗೆ ನಿನ್ನ ಹೆಸರಿನದು ಸಿಕ್ಕಿತು. ಒಂದನೇ ನಂಬರ್. ಪ್ರಶ್ನೆಗಳು ಸರಿಯಾಗಿವೆಯೇ ನೋಡಲು ನಾನೇ ಆಫೀಸಿನಲ್ಲಿ ಕೂತು ತುಂಬಿದ್ದು, ನಿನ್ನನ್ನು ಕೇಳಿಯೇ ಇರಲಿಲ್ಲ. 'ಆರೈಕೆ ಮಾಡುವವರಿಗೆ ಬಿಡುವಿನ ಅಗತ್ಯ ಇದೆಯೇ?' ಎಂಬುದರ ಎದುರಿಗೆ ನನ್ನ ಕೈಬರಹದಲ್ಲಿ 'ಇಲ್ಲ' ಎಂದಿದೆ. ಅದರ ಕೆಳಗೆ, ಯಾರೂ ಕೇಳದೆ ಇದ್ದರೂ, 'ಸಂತೋಷದಿಂದ ಮಾಡುತ್ತಾರೆ' ಎಂದೂ ಸೇರಿಸಿದ್ದೇನೆ. ಅದೇ ಕಾಲದಲ್ಲಿ ಅವ್ವನನ್ನು ನೋಡಿಸುವ ನೆಪದಲ್ಲಿ ತಿಂಗಳಿಗೆರಡು ಶನಿವಾರ ಆಫೀಸಿನವರನ್ನೆಲ್ಲ ಮನೆಗೆ ಕರೆತರುತ್ತಿದ್ದೆ. ನೀನು ಒಲೆಯ ಮುಂದೆ ನಿಂತಿರುತ್ತಿದ್ದೆ, ನಾನು ಪಡಸಾಲೆಯಲ್ಲಿ ಆರೈಕೆಯ ಮಹತ್ವದ ಬಗ್ಗೆ ಮಾತಾಡುತ್ತಿದ್ದೆ. ನಾಚಿಕೆಯಾಗುತ್ತದೆ. ತಪ್ಪಾಯಿತು ಶೃತಿ.

ನೀನು ಅಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೀಯೆಂದು ನಿನ್ನ ಅಕ್ಕ ಹೇಳಿದರು. ಕೇಳಿ ಮೊದಲು ಬೇಜಾರಾಯಿತು, ನನಗೆ ಹೇಳಲಿಲ್ಲವಲ್ಲ ಎಂದು. ಆಮೇಲೆ ಹೇಳುವಂತೆ ನಾನು ಯಾವತ್ತು ಕೇಳಿದ್ದೆ ಎನಿಸಿತು. ಹೋದ ಭಾನುವಾರ ಗುಡವಿಗೆ ಹಕ್ಕಿ ನೋಡಲು ಹೋಗಿದ್ದಿರಂತೆ. ಒಳ್ಳೆಯದಾಯಿತು.

ಅಕ್ಕ, ಭಾವನವರಿಗೆ ನನ್ನ ಶರಣು ತಿಳಿಸು. ಸೊಂಟಕ್ಕೆ ಬಿಸಿನೀರಿನ ಶಾಖ ಬಿಡಬೇಡ. ನೀನು ಎಲ್ಲಿದ್ದರೂ ನೆಮ್ಮದಿಯಾಗಿರು.

ನಿನ್ನ
ಗುರುಪ್ರಕಾಶ್

ತಾ.ಕ.: ಅಂಚೆ ಡಬ್ಬಿಗೆ ಹಾಕುವ ಮುಂಚೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಸೊರಬದ ಆಫೀಸಿನಲ್ಲಿ ಜಾಗ ಖಾಲಿ ಇದೆ. ವರ್ಗಾವಣೆಯ ಅರ್ಜಿ ಬರೆದೆ, ಅಲ್ಲೊಂದು ಬಾಡಿಗೆ ಮನೆಯನ್ನೂ ವಿಚಾರಿಸಿದೆ, ನಿನಗೆ ಖುಷಿಯಾಗುತ್ತದೆ ಎಂದುಕೊಂಡೆ. ನಿನ್ನೆ ಅರ್ಜಿ ಕೊಡಲು ಹೋದವನು ಬಾಗಿಲಿಂದ ವಾಪಸು ಬಂದೆ, ಈ ಸಲವೂ ನಿನ್ನನ್ನು ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ. ನಾನು ಬರಲಾ, ಬೇಡವಾ? ಬೇಡ ಅಂದರೂ ಬೇಜಾರಿಲ್ಲ ಎಂದು ಬರೆಯಲು ಹೊರಟಿದ್ದೆ, ಅದು ಸುಳ್ಳು, ಬಹಳ ಬೇಜಾರಾಗುತ್ತದೆ. ಆದರೂ ನನ್ನ ಮುಖ ನೋಡಿ ಉತ್ತರಿಸಬೇಡ, ನಿನಗೆ ಹೇಗೆ ಬೇಕೋ ಹಾಗೆ ಬರೆ.