ಸಹಕಲಾವಿದರ ಹೆಸರು

ಬಿ.ಟಿ.ಎಂ. ಲೇಔಟ್ ಎರಡನೇ ಹಂತ, ಬೆಂಗಳೂರು
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಮೌನೇಶನಿಗೆ,

ನಾನು ಆರಾಮ ಇದ್ದೇನೆ. ವಾಡಿಕೆಗೆ ಬರೆದದ್ದಲ್ಲ, ಖರೇನೇ ಆರಾಮ ಇದ್ದೇನೆ. ಸುರಪುರದಲ್ಲಿ ನೀನೂ ಭಾವನವರೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ನಿಮ್ಮವ್ವನ ಮುಂದೆ ನಿನ್ನನ್ನು 'ನೀವು' ಅನ್ನುತ್ತಿದ್ದೆ. ಪತ್ರದೊಳಗೆ ಅವರಿಲ್ಲ, ಅದಕ್ಕೇ 'ನೀನು'.

ಫೋನ್ ಬಿಟ್ಟು ಇದೇನು ಕಾಗದ ಅನ್ನಬೇಡ. ಫೋನಿನಲ್ಲಿ ನಾವು ಊಟ ಆಯ್ತಾ, ಬಿಸಿಲು ಹೆಂಗದ ಅಂತ ಕೇಳಿ ಇಟ್ಟುಬಿಡುತ್ತೇವೆ. ಇವತ್ತಿನ ಮಾತು ಅದಕ್ಕಿಂತ ಉದ್ದ.

ನನಗೆ ಗ್ರಾಂಟ್ ಸಿಕ್ಕಿತು, ಮೌನೇಶ. ಹಾಡು ಕಟ್ಟಿ, ರೆಕಾರ್ಡ್ ಮಾಡಿ, ಈ ಊರೊಳಗೆ ಅಲ್ಲಲ್ಲಿ ಹಾಡಲು ಕಲಾಸಂಸ್ಥೆಯೊಂದು ಕೊಡುವ ಒಂದು ವರ್ಷದ ಅನುದಾನ. ಮೇಲ್ ಬಂದಾಗ ಆಫೀಸಿನಲ್ಲಿ ಯಾರೋ ಗ್ರಾಹಕರ ಕರೆಯಲ್ಲಿದ್ದೆ. ಅವರು ಬೈಯುತ್ತಲೇ ಇದ್ದರು, ನಾನು ಥ್ಯಾಂಕ್ಯೂ ಸಾರ್, ಥ್ಯಾಂಕ್ಯೂ ಸಾರ್ ಅನ್ನುತ್ತಲೇ ಇದ್ದೆ.

ಹಳೆಯ ಅರ್ಜಿಗಳು ನಿನಗೆ ನೆನಪಿರಬೇಕು. ಎಲ್ಲೆಲ್ಲಿಂದಲೋ ದೊಡ್ಡ ದೊಡ್ಡ ಇಂಗ್ಲಿಷ್ ಮಾತು ಹೆಕ್ಕಿ ತಂದು ಜೋಡಿಸುತ್ತಿದ್ದೆ. ಒಮ್ಮೆ ನೀನು ಓದಿ, ಇದರಾಗ ಹಾಡೋಳು ಎಲ್ಲದಾಳ ಅಂತ ಕೇಳಿದ್ದೆ. ನಾನು ಸಿಟ್ಟು ಬಂದು ಲ್ಯಾಪ್‌ಟಾಪ್ ಮುಚ್ಚಿದ್ದೆ. ಯಾವುದೂ ಸಿಗಲಿಲ್ಲ. ನೀನೂ ಮದುವೆ ರಿಸೆಪ್ಶನ್ನುಗಳಲ್ಲಿ, ಯಾರೂ ಕೇಳದ ಕಡೆ ಢೋಲಕ್ ಬಾರಿಸಿ ಬಾರಿಸಿ ಬೇಸತ್ತು ಊರಿಗೆ ಹೋದೆ. ಅಲ್ಲಿ ಭಾವನ ಶಾಮಿಯಾನ, ಮೈಕ್ ಬಾಡಿಗೆಯ ಅಂಗಡಿ ಇತ್ತು, ನಿನಗೊಂದು ದಾರಿಯಾಯಿತು. ನೀನು ಬಾ ಅಂದೆ, ನಾನು ಇನ್ನೊಂದು ವರ್ಷ ನೋಡೋಣ ಅಂದೆ. ನಮ್ಮಿಬ್ಬರ ನಡುವೆ ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು.

ಈ ಸಲ ನಡೆದದ್ದೇ ಬೇರೆ. ನಮ್ಮ ಗಲ್ಲಿಯ ಪಿ.ಜಿ.ಯಲ್ಲಿ ರೊಟ್ಟಿ ಮಾಡುವ ಪಾರವ್ವ, ಶಹಾಪುರದ ಕಡೆಯವಳು, ನನಗೆ ಗೆಳತಿಯಾಗಿದ್ದಾಳೆ. ಅವಳೂ ನಾನೂ ನಮ್ಮ ಆಫೀಸಿನ ಶ್ವೇತಾಳೂ ಭಾನುವಾರ ಯಡಿಯೂರು ಕೆರೆ ಹತ್ತಿರ ಹೋಗಿ ಕೂರುತ್ತೇವೆ. ಒಂದು ದಿನ ಪಾರವ್ವ, ಪಿ.ಜಿ. ಹುಡುಗಿಯರು ರೊಟ್ಟಿ ದಪ್ಪ ಅಂತ ತಕರಾರು ಮಾಡಿದ್ದನ್ನು ಬೀಸುವ ಪದದ ಧಾಟಿಯಲ್ಲಿ ಹಾಡಿಬಿಟ್ಟಳು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಮುಂದಿನ ವಾರ ಶ್ವೇತಾ ಮೆಟ್ರೋ ನೂಕಾಟದ ಮೇಲೆ ಕಟ್ಟಿದಳು. ನಾನು ಬಾಡಿಗೆ ಮನೆಗೆ ಹೊಸ ಹೊಸ ಕಾನೂನು ತರುವ ನಮ್ಮ ಓನರ್ ಮೇಲೆ ಕಟ್ಟಿದೆ.

ಹಾಗೆ ಹಾಡುವಾಗಲೇ ಚೂಡಾಮಣಿ ಆಂಟಿ ವಾಕಿಂಗ್ ನಿಲ್ಲಿಸಿ ನಮ್ಮ ಪಕ್ಕ ಕೂತದ್ದು. ಜಯನಗರದವರು. ಸರಕಾರಿ ವಿಜ್ಞಾನ ಸಂಸ್ಥೆಯೊಂದರಲ್ಲಿ ಕೂತು ವಿಜ್ಞಾನಿಗಳ ಅರ್ಜಿ ಓದಿ ಓದಿ ನಿವೃತ್ತರಾದವರು. ನಾನೂ ಅರ್ಜಿ ಹಾಕುತ್ತೇನೆ, ಸಿಗುವುದಿಲ್ಲ ಅಂದೆ. ಮನೆಗೆ ತೊಗೊಂಡು ಬಾ, ನೋಡೋಣ ಅಂದರು.

ಅರ್ಧ ಪುಟ ಓದಿ ಕನ್ನಡಕ ತೆಗೆದರು. "ಇದನ್ನ ಯಾರು ಬೇಕಾದ್ರೂ ಬರೀಬಹುದು ಕಣೆ. ನೀನು ಏನು ಮಾಡ್ತೀಯ, ಯಾರ ಜೊತೆ ಮಾಡ್ತೀಯ, ಬಾಯಲ್ಲಿ ಹೇಳು" ಅಂದರು. ನಾನು ಹೇಳುತ್ತಾ ಹೋದೆ. ಪಾರವ್ವನ ರೊಟ್ಟಿ ಪದವನ್ನೂ ಹಾಡಿ ತೋರಿಸಿದೆ. ಅವರು ಫೋನಿನಲ್ಲಿ ಅಷ್ಟನ್ನೂ ಹಿಡಿದಿಟ್ಟಿದ್ದರು. "ಈಗ ಇದನ್ನ ಕೇಳ್ಕೊಂಡು ಬರಿ. ಕನ್ನಡದಲ್ಲೇ ಬರಿ, ಅವರು ತೊಗೋತಾರೆ" ಅಂದರು. ಬರೆದೆ. ಬೇರೆ ಊರಿಂದ ಬಂದು ಈ ಊರಲ್ಲಿ ದುಡಿಯುವ ಹೆಂಗಸರು ತಮ್ಮ ಇವತ್ತಿನ ದಿನವನ್ನು ತಮ್ಮ ಮಾತಲ್ಲೇ ಹಾಡು ಮಾಡುತ್ತಾರೆ, ನಾನು ಜೊತೆಗೆ ಕೂತು ರಾಗ ಹೊಂದಿಸುತ್ತೇನೆ ಅಂತ. ಖರ್ಚಿನ ಕಡೆ ಬಂದಾಗ ಬೈಸಿಕೊಂಡೆ. ಸ್ಟುಡಿಯೋಗೆ, ಆಟೋಗೆ, ಚಹಾಕ್ಕೆ ಎಲ್ಲ ಹಾಕಿದ್ದೆ, ನನ್ನ ಸಂಭಾವನೆ ಬಿಟ್ಟಿದ್ದೆ. "ನೀನೇನು ಗಾಳಿ ಕುಡಿದು ಹಾಡ್ತೀಯಾ?" ಅಂದರು. ಹಾಡುವ ಪ್ರತಿಯೊಬ್ಬ ಹೆಂಗಸಿಗೂ, ಬಾರಿಸುವವರಿಗೂ, ನನಗೂ ಸಂಭಾವನೆ ಬರೆಸಿದರು.

ಅರ್ಜಿಯ ಜೊತೆ ಸಂಸ್ಥೆಯವರು ನಮ್ಮ ಕೆಲಸದ ಮಾದರಿ ಕೇಳಿದ್ದರು. ಮಾಳಿಗೆ ಮೇಲೆ ನೀನು ಢೋಲಕ್ ಬಾರಿಸಿ, ನಾನು ಹಾಡಿ ಹಿಡಿದದ್ದನ್ನು ಕಳಿಸಿದೆ. ನಿನ್ನನ್ನು ಕೇಳಿಯೇ ಕಳಿಸಿದ್ದು. ಉತ್ತರಕ್ಕೆ ನೀನು ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಹಾಕಿದ್ದೆ.

ಸಂದರ್ಶನ ಜೆ.ಪಿ. ನಗರದಲ್ಲಿ. ಎದುರಿಗೆ ಮೂವರು. ಮೊದಲಿಗೆ ಎಲ್ಲ ಸಲೀಸಾಗಿ ನಡೆಯಿತು. ಆಮೇಲೆ ಸೇತುರಾಮ ಅಂತ ಹಿರಿಯರೊಬ್ಬರು, ಸಂಗೀತದವರೇ ಇರಬೇಕು, ಆ ರೆಕಾರ್ಡಿಂಗ್ ಹಾಕಿಸಿದರು. ನಿನ್ನ ಕೈ ಆ ಕೋಣೆಯಲ್ಲಿ ಕೇಳಿತು. ಅವರು ಕಣ್ಣು ಮುಚ್ಚಿ ಕೇಳಿ, "ಸಹಕಲಾವಿದರ ಪಟ್ಟಿಯಲ್ಲಿ ಇವರ ಹೆಸರೇ ಇಲ್ವಲ್ಲಮ್ಮ. ಯಾರಿವರು?" ಅಂದರು.

ಆ ಪ್ರಶ್ನೆಗೆ ಆಂಟಿ ನನ್ನನ್ನು ತಯಾರು ಮಾಡಿರಲಿಲ್ಲ. ಬರುತ್ತಾರೆ ಅಂದಿದ್ದರೆ ಅವರಿಗೆ ಖುಷಿಯಾಗುತ್ತಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ, "ನನ್ನ ಗಂಡ ಸಾರ್. ಈಗ ಊರಲ್ಲಿದ್ದಾರೆ. ಬರ್ತಾರೆ ಅಂತ ನಾನು ಮಾತು ಕೊಡೋಕಾಗಲ್ಲ, ಅವರನ್ನ ಕೇಳಿಲ್ಲ" ಅಂದುಬಿಟ್ಟೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಲ್ಲದೆ ಹೇಗೆ ಮಾಡ್ತೀರಿ ಅಂತ ಕೇಳಿದರು. ಕೂತ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತೆ. ಚಪ್ಪಾಳೆ ಹಾಕಿಕೊಂಡು ರೊಟ್ಟಿ ಪದ ಪೂರ್ತಿ ಹಾಡಿದೆ. ಕೊನೆಯ ನುಡಿಗೆ ಸೇತುರಾಮ ಸಾರ್ ಮೇಜಿನ ಮೇಲೆ ತಾಳ ಹಾಕುತ್ತಿದ್ದರು. ಆದರೂ ಹೊರಗೆ ಬಂದು ಆಂಟಿಗೆ ಫೋನ್ ಮಾಡಿ, ಹೋಯ್ತು ಆಂಟಿ, ಕೆಡಿಸಿಕೊಂಡೆ ಅಂದೆ. ಅವರು ಊಟಕ್ಕೆ ಬಾ ಅಂದರು. ಬಸ್ಸಾರು ಮಾಡಿದ್ದರು. ತಿಂದ ಮೇಲೆ ಹೇಗೋ ಸಮಾಧಾನವಾಯಿತು.

ಆಮೇಲೆ ಆ ಮೇಲ್ ಬಂತು. ಪಾರವ್ವನಿಗೆ ಹೇಳಿದರೆ, "ನನ್ನ ಬೈಗುಳಕ್ಕೂ ರೊಕ್ಕ ಕೊಡ್ತಾರೇನವ್ವ?" ಅಂತ ಕೇಳಿ, ಸಂಜೆ ಎಲ್ಲರಿಗೂ ಹೋಳಿಗೆ ಮಾಡಿ ಹಾಕಿದಳು.

ಈಗ ಕೇಳುವ ಮಾತು. ರೆಕಾರ್ಡಿಂಗ್ ಜನವರಿಯಲ್ಲಿ, ಒಂದು ವಾರ. ಬರುತ್ತೀಯಾ? ಹೋಗಿಬರುವ ಖರ್ಚು, ಸಂಭಾವನೆ ಎಲ್ಲ ಇದೆ. ನೀನೀಗ ಮೈಕ್ ತಟ್ಟಿ ಟೆಸ್ಟ್ ಮಾಡುವುದು ಬಿಟ್ಟರೆ ಏನೂ ಬಾರಿಸುವುದಿಲ್ಲ, ಢೋಲಕ್ ಅಟ್ಟಕ್ಕೆ ಹೋಗಿದೆ ಅಂತ ಭಾವ ಹೇಳಿದರು. ಅದು ಕೇಳಿ ನನಗೆ ಕೆಟ್ಟನಿಸಿತು. ಗ್ರಾಂಟಿಗೂ ಅದಕ್ಕೂ ಸಂಬಂಧವಿಲ್ಲ.

ಬಾರಿಸುವವನಾಗಿ ಬಾ. ಗಂಡನಾಗಿ ಬರುವ ಮಾತನ್ನು ಆಮೇಲೆ ಕೂತು ಆಡೋಣ, ಅವಸರವಿಲ್ಲ. ಬರಲಾಗದಿದ್ದರೆ ಆಗಲ್ಲ ಅಂತ ಬರಿ. ನಾನು ಮುನಿಸಿಕೊಳ್ಳುವುದಿಲ್ಲ, ಹಾಡೂ ನಿಲ್ಲುವುದಿಲ್ಲ. ಆದರೆ ಹೆಬ್ಬೆರಳು ಮಾತ್ರ ಕಳಿಸಬೇಡ.

ನಿಮ್ಮವ್ವನಿಗೆ ಶರಣು ಹೇಳು.

ನಿನ್ನ ದಾರಿ ನೋಡುವ, ನೋಡುತ್ತಿಲ್ಲ ಅಂತ ಎಲ್ಲರಿಗೂ ಹೇಳುವ,
ಭಾಗ್ಯಜ್ಯೋತಿ

ತಾ.ಕ.: ಶ್ವೇತಾ ಇದನ್ನು ಓದಿ, ಚಿರಂತ್ ಸುದ್ದಿಯೇ ಬರೆದಿಲ್ಲವಲ್ಲ ಅಂದಳು. ಚಿರಂತ್ ಬನಶಂಕರಿ ಕಡೆಯ ಹುಡುಗ, ಢೋಲಕ್ ಬಾರಿಸುತ್ತಾನೆ. ಹೋದ ವಾರ ಬಂದು ನಮ್ಮ ಹಾಡುಗಳಿಗೆಲ್ಲ ಬಾರಿಸಿದ. ಸಖತ್ತಾಗಿತ್ತು, ಎಲ್ಲೂ ತಾಳ ತಪ್ಪಲಿಲ್ಲ. ಹೊರಡುವಾಗ, ಫಿಕ್ಸ್ ಆಯ್ತಾ ಅಕ್ಕ ಅಂತ ಕೇಳಿದ. ಜಾಗ ಖಾಲಿ ಇಲ್ಲ ಅಂದೆ.