ಕಚ್ಚದ ಇರುವೆಗಳು

ಮನೆಯಿಂದ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ನೆಗಡಿ ಬಿಟ್ಟಿತಾ? ಹೊಸ ಕೆಲಸ, ಕಾಡಿನ ಪಕ್ಕದ ಮನೆ ಎಂದು ಕುಣಿಯುತ್ತಾ ಊಟ ಮರೆಯಬೇಡ. ನಾವು ಕ್ಷೇಮ. ನಿನ್ನ ಮೂರು ಜೇನುಪೆಟ್ಟಿಗೆಗಳನ್ನು ಯಾವಾಗ ಕಳಿಸುತ್ತೀರಿ ಎಂದು ಪ್ರಾಣ ತಿನ್ನುತ್ತಿದ್ದೀಯಲ್ಲ, ಅದಕ್ಕೇ ಬರೆಯಲು ಕೂತೆ. ಮೊದಲು ನಮ್ಮ ಮನೆಗೆ ಬಂದ ಹೊಸ ನೆಂಟರ ಸಮಾಚಾರ ಕೇಳು.

ನಿನ್ನಪ್ಪ ದೂರದೇಶದ ಗಿಡ ಎಂದು ಒಂದು ಹೂವಿನ ಕುಂಡ ಹೊತ್ತು ತಂದರು. ಹೂವಂತೂ ಬಿಡಲಿಲ್ಲ, ಅದರ ಮಣ್ಣಿನಿಂದ ಹಳದಿ ಬಣ್ಣದ, ಉದ್ದ ಕಾಲಿನ ಇರುವೆಗಳು ಹೊರಟವು. ತಲೆ ಕೆಟ್ಟವರ ಹಾಗೆ ಓಡಾಟ, ಆದರೆ ಕಚ್ಚುವುದೇ ಇಲ್ಲ. ನನ್ನ ಕಾಲು ಊದಿಸುತ್ತಿದ್ದ ಹಳೆಯ ಕೆಂಪಿರುವೆಗಳು ಇವುಗಳ ಕಾಟಕ್ಕೆ ಗಂಟುಮೂಟೆ ಕಟ್ಟಿದವು. ಎದುರುಮನೆಯ ದರ್ಜಿ, "ಎಂಥ ಮರ್ಯಾದಸ್ಥ ಇರುವೆಗಳು ಕಣ್ರೀ" ಎಂದು ಹೊಗಳಿದ್ದೇ ಹೊಗಳಿದ್ದು. ನಾನಂತೂ ಖುಷಿಗೆ ದಿನಾ ಹೊಸ್ತಿಲ ಹತ್ತಿರ ಒಂದು ಚಮಚ ಸಕ್ಕರೆ ಇಟ್ಟೆ. ನಗು, ನಗು, ನಿನಗೇನು.

ಆಮೇಲೆ ಅವುಗಳ ಬಣ್ಣ ಬಯಲಾಯಿತು. ನಿಂಬೆಗಿಡದ ತುಂಬ ಎಲೆಯ ರಸ ಹೀರುವ ಅಂಟುಹುಳ. ಈ ಮರ್ಯಾದಸ್ಥರೇ ಅವನ್ನು ಹಸು ಸಾಕಿದಂತೆ ಸಾಕಿ ಅವು ಸುರಿಸುವ ಸಿಹಿ ಹೀರುತ್ತಿದ್ದಾರೆ. ಹಲ್ಲಿ ನಾಪತ್ತೆ, ಚಿಟ್ಟೆಗಳು ಇತ್ತ ಸುಳಿಯುವುದಿಲ್ಲ. ಒಂದು ಬೆಳಿಗ್ಗೆ ಮೂಲೆಯಲ್ಲಿದ್ದ ನಿನ್ನ ಜೇನುಪೆಟ್ಟಿಗೆಗೆ ಇರುವೆ ಸಾಲು ಹತ್ತಿತ್ತು. ಮುಚ್ಚಳ ತೆಗೆದರೆ ಜೇನ್ನೊಣಗಳು ಮನೆ ಬಿಟ್ಟು ಹೋಗಿದ್ದವು. ನನಗೆ ಅಳುವೇ ಬಂತು ಪುಟ್ಟೀ. ನಿನ್ನಪ್ಪ ಕೂಡಲೇ ಉಳಿದೆರಡು ಪೆಟ್ಟಿಗೆಗಳ ಸ್ಟ್ಯಾಂಡಿನ ಕಾಲುಗಳನ್ನು ಎಣ್ಣೆ ಬೆರೆಸಿದ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದರು. ಅದೂ ಯಾವ ಬಟ್ಟಲು? ನಾನು ಯಾರಿಗೂ ಮುಟ್ಟಗೊಡದೆ ಬೀರುವಿನಲ್ಲಿಟ್ಟಿದ್ದ ಗಾಜಿನವು. ಹೋಗಲಿ, ಎರಡೂ ಪೆಟ್ಟಿಗೆ ಗುಂಯ್ ಎನ್ನುತ್ತಿವೆ, ಸಾಕು. ತೋಟಗಾರಿಕೆ ಕಚೇರಿಯ ಹುಡುಗಿ ಬಂದು ಇರುವೆ ಮದ್ದು ಇಟ್ಟು ಹೋದಳು. "ಆಂಟೀ, ಒಂದು ರಾಣಿ, ಜೊತೆಗೆ ನಾಲ್ಕು ಆಳು ಹೋದ್ರೆ ಸಾಕು, ಹೋದಲ್ಲೇ ಊರು ಕಟ್ಟಿಬಿಡ್ತವೆ" ಎಂದಳು.

ಅಪ್ಪ ನಿನ್ನನ್ನು ಕೇಳಿದ್ದಾರೆ. ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು, ನೂರು ಕಾಲ ಬಾಳು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಹೇಳಲು ಧೈರ್ಯ ಸಾಲಲಿಲ್ಲ. ನಿನ್ನೆ ನಿನ್ನ ಪೆಟ್ಟಿಗೆಗಳನ್ನು ಒಯ್ಯಲು ಗಾಡಿಯವನು ಬಂದಿದ್ದ. ಒಂದು ಪೆಟ್ಟಿಗೆ ಎತ್ತಿದರೆ ಅಡಿಹಲಗೆಯ ಸಂದಿನಲ್ಲಿ ದಪ್ಪನೆಯ ರಾಣಿ ಇರುವೆ, ಸುತ್ತ ಅದರ ಪರಿವಾರ; ಬಟ್ಟಲಿಡುವ ಮೊದಲೇ ಸೇರಿಕೊಂಡಿರಬೇಕು. ಅವನ್ನೇನೋ ಹೊಸಕಿ ಹಾಕಿದೆ, ಕಣ್ಣಿಗೆ ಬೀಳದ್ದು ಇನ್ನೆಷ್ಟಿವೆಯೋ. ಗಾಡಿಯನ್ನು ಖಾಲಿ ಕಳಿಸಿದೆ. ಇಲ್ಲಿಯಾದರೆ ಒಂದು ಅಂಗಳ, ಕಾಯಲು ನಾವಿಬ್ಬರಿದ್ದೇವೆ. ಅಲ್ಲಿ ಅಷ್ಟು ದೊಡ್ಡ ಕಾಡನ್ನು ಯಾರು ಕಾಯುತ್ತಾರೆ? ನಿನ್ನ ಜೇನು ಸದ್ಯಕ್ಕೆ ಬರುವುದಿಲ್ಲ. ಸಿಟ್ಟು ಬಂದರೆ ಪತ್ರದಲ್ಲಿ ಬೈಯಬೇಡ, ಬಂದು ಬೈ.